ತಗ್ಗಿದ ರಸ್ತೆ, ಬಗ್ಗಿದ ವಿಮಾನ

ಸ್ವೀಡನ್ ವಾಯುಪಡೆಯ ಹಳೆಯ ಚಿತ್ರೀಕರಣಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎರಡೂ ಬದಿಗೆ ಒತ್ತಾಗಿ ಬೆಳೆದ ಪೈನ್ ಕಾಡು. ನಡುವೆ ಐದಾರು ಲಾರಿ ಅಕ್ಕಪಕ್ಕ ನಿಂತರೆ ತುಂಬಿಹೋಗುವಷ್ಟೇ ಅಗಲದ ದಾರಿ. ಮರಗಳ ತಲೆ ಸವರುತ್ತ ವಿಗೆನ್ ಎಂಬ ಯುದ್ಧವಿಮಾನ ಬರುತ್ತದೆ. ಬೇರೆ ವಿಮಾನಗಳಾದರೆ ನೆಲ ಹತ್ತಿರವಾದಾಗ ಮೂಗೆತ್ತಿ, ಒಂದಿಷ್ಟು ತೇಲಿ, ನಾಜೂಕಾಗಿ ಕಾಲೂರುತ್ತವೆ. ಇದಕ್ಕೆ ಆ ನಾಜೂಕಿಲ್ಲ. ಇಳಿಯುತ್ತಿದ್ದ ಓಟದಲ್ಲೇ ಧೊಪ್ಪನೆ ನೆಲಕ್ಕೆ ಬೀಳುತ್ತದೆ. ಬಿದ್ದ ಮರುಕ್ಷಣ ಎಂಜಿನ್ನಿನ ಬಿಸಿಗಾಳಿ ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ತಿರುಗುತ್ತದೆ; ರಸ್ತೆಯ ಮೇಲಿನ ಹಿಮವೆಲ್ಲ ಮೋಡವಾಗಿ ಎದ್ದು ವಿಮಾನವನ್ನೇ ಮುಚ್ಚಿಬಿಡುತ್ತದೆ. ಆ ಮೋಡ ಕರಗುವಷ್ಟರಲ್ಲಿ ವಿಮಾನ ನಿಂತಾಗಿರುತ್ತದೆ. ಮಜಾ ಇರುವುದು ಇನ್ನೂ ಮುಂದೆ. ನಿಂತ ವಿಮಾನ ಅದೇ ಎಂಜಿನ್ನಿನ ಬಲದಿಂದ ಹಿಂದಕ್ಕೆ ಸರಿಯುತ್ತದೆ, ರಸ್ತೆಯಲ್ಲೇ ಮೂತಿ ತಿರುಗಿಸಿಕೊಳ್ಳುತ್ತದೆ, ಬಂದ ದಾರಿಗೇ ಮುಖಮಾಡಿ ಹಾರಿಹೋಗುತ್ತದೆ.

ಹೆದ್ದಾರಿಯ ಮೇಲೆ ಯುದ್ಧವಿಮಾನ ಇಳಿಸುವುದು ಯುದ್ಧತಂತ್ರದ ವಿಷಯ, ನಿಜ. ಆದರೆ ಅದನ್ನು ಒಂದು ಕಲೆಯಾಗಿ ನೋಡುವ ಚಟ ಅಂಟಿದರೆ ಬಿಡುವುದಿಲ್ಲ. ಸಂಗೀತ ಕೇಳುವವರು ಘರಾಣೆ ಗುರುತಿಸುವ ಹಾಗೆ ಇಲ್ಲೂ ಸಂಪ್ರದಾಯಗಳನ್ನು ಗುರುತಿಸಬಹುದು. ಹೆದ್ದಾರಿ ಹುಟ್ಟಿದ್ದು ಲಾರಿ, ಬಸ್ಸು, ಕಾರುಗಳಿಗೆ. ವಿಮಾನ ಹುಟ್ಟಿದ್ದು ಉದ್ದಗಲದ ರನ್‌ವೇಗೆ. ಇವೆರಡೂ ಕೂಡಬೇಕಾದರೆ ಯಾರಾದರೊಬ್ಬರು ಬಿಟ್ಟುಕೊಡಲೇಬೇಕು. ಒಂದು ಸಂಪ್ರದಾಯದಲ್ಲಿ ರಸ್ತೆ ತಗ್ಗುತ್ತದೆ, ಇನ್ನೊಂದರಲ್ಲಿ ವಿಮಾನ ಬಗ್ಗುತ್ತದೆ. ಯಾರು, ಎಷ್ಟು, ಎಷ್ಟು ಸೊಗಸಾಗಿ ಬಿಟ್ಟುಕೊಟ್ಟರು ಎಂದು ನೋಡುವುದರಲ್ಲೇ ಇದರ ರಸವೆಲ್ಲ ಇದೆ.

ಬಿಟ್ಟುಕೊಡುವ ಅಗತ್ಯ ಯಾಕೆ ಬಂತು? ಎಷ್ಟೇ ಪ್ರಚಂಡ ಯುದ್ಧವಿಮಾನವಾದರೂ ನೆಲದ ಮೇಲೆ ನಿಂತಿರುವಷ್ಟು ಹೊತ್ತು ಅದು ಬರೀ ತಗಡು. 1967ರ ಜೂನ್ 5ರ ಬೆಳಿಗ್ಗೆ ಇಸ್ರೇಲ್ ವಾಯುಪಡೆ ಈಜಿಪ್ಟಿನ ವಿಮಾನನೆಲೆಗಳ ಮೇಲೆ ಎರಗಿತು. ಮೊದಲು ರನ್‌ವೇಗಳನ್ನು ಕೆಡವಿ, ಹಾರಲಾರದೆ ನಿಂತ ವಿಮಾನಗಳನ್ನು ಸಾಲಾಗಿ ಸುಟ್ಟಿತು. ಕೆಲವೇ ಗಂಟೆಗಳಲ್ಲಿ ಯುದ್ಧದ ಹಣೆಬರಹ ನಿರ್ಧಾರವಾಗಿಹೋಯಿತು. ನಮ್ಮಲ್ಲಿ ಇದೇ ಪಾಠ 1971ರ ಡಿಸೆಂಬರಿನಲ್ಲಿ ಭುಜ್‌ನಲ್ಲಿ ಬಂತು. ಪಾಕಿಸ್ತಾನದ ಬಾಂಬುಗಳು ರನ್‌ವೇಯಲ್ಲಿ ಗುಂಡಿ ತೋಡಿದಾಗ ಪಕ್ಕದ ಮಾಧಾಪರದ ಸುಮಾರು 300 ಹೆಂಗಸರು ಮುಂದೆ ಬಂದರು. ಹಸಿರು ಸೀರೆ ಉಟ್ಟು, ಸೈರನ್ ಕೂಗಿದಾಗಲೆಲ್ಲ ಪೊದೆಯಲ್ಲಿ ಅಡಗಿ, 72 ಗಂಟೆಯಲ್ಲಿ ರನ್‌ವೇ ಸರಿಮಾಡಿಕೊಟ್ಟರು. ಆ ಕಥೆಯನ್ನು ನಾವು ಅವರ ಧೈರ್ಯಕ್ಕಾಗಿ ಹೇಳುತ್ತೇವೆ, ಹೇಳಲೇಬೇಕು. ಅದರ ಮಗ್ಗುಲಲ್ಲೇ ಇನ್ನೊಂದು ಮಾತೂ ಇದೆ: ರನ್‌ವೇ ಎಂಬುದು ಎಲ್ಲಿದೆಯೆಂದು ಶತ್ರುವಿಗೆ ಮೊದಲೇ ಗೊತ್ತಿರುವ, ಎತ್ತಿ ಬೇರೆಡೆ ಇಡಲಾಗದ ಆಸ್ತಿ. ಅದೊಂದನ್ನೇ ನೆಚ್ಚಿ ಕೂತರೆ ಆಗದು.

ಸ್ವೀಡನ್ನಿಗೆ ಈ ಭಯ ಇನ್ನೂ ಮುಂಚೆಯೇ ಹತ್ತಿತ್ತು. ಅಣುಬಾಂಬಿನ ಕಾಲದಲ್ಲಿ ವಿಮಾನಗಳನ್ನೆಲ್ಲ ಒಂದೇ ಕಡೆ ಕೂಡಿಡಬಾರದೆಂದು ಬಾಸ್ 60 ಎಂಬ ಹಂಚಿಕೆಯ ಏರ್ಪಾಡು ಮಾಡಿಕೊಂಡಿತು. 1967ರ ಯುದ್ಧ ಕಂಡ ಮೇಲೆ ಅದನ್ನೇ ಬೆಳೆಸಿ ಬಾಸ್ 90 ಕಟ್ಟಿತು. ಒಂದು ಮುಖ್ಯ ನೆಲೆ, ಅದರ ಸುತ್ತಲಿನ ಕಾಡು, ಹೊಲಗಳ ನಡುವೆ ಹಬ್ಬಿದ ಹಲವು ಚಿಕ್ಕ ರಸ್ತೆ-ರನ್‌ವೇಗಳು. ಒಂದೊಂದೂ ಸುಮಾರು 800 ಮೀಟರ್ ಉದ್ದ, 17 ಮೀಟರ್ ಅಗಲ. ಇಂಧನದ ಟ್ಯಾಂಕರು, ಕ್ಷಿಪಣಿಯ ಗಾಡಿ, ರಿಪೇರಿಯ ಹುಡುಗರು ಎಲ್ಲರೂ ಕಾಡಿನಲ್ಲಿ ಚದುರಿ, ಕರೆ ಬಂದಲ್ಲಿಗೆ ಓಡುವವರು.

800 ಮೀಟರ್ ಎಂದರೆ ದೊಡ್ಡ ಯುದ್ಧವಿಮಾನಕ್ಕೆ ಏನೇನೂ ಸಾಲದು. ಸ್ವೀಡಿಷರ ಹಟ ನೋಡಿ: ರಸ್ತೆಯನ್ನು ಉದ್ದ ಮಾಡುವ ಬದಲು ವಿಮಾನಕ್ಕೇ ತಗ್ಗಿ ಬಗ್ಗಿ ನಡೆಯುವುದನ್ನು ಕಲಿಸಿದರು. 1967ರ ಫೆಬ್ರವರಿಯಲ್ಲಿ ಮೊದಲ ಬಾರಿ ಹಾರಿದ ವಿಗೆನ್, 500 ಮೀಟರಿನಲ್ಲಿ ಇಳಿದು ನಿಲ್ಲಬೇಕೆಂಬ ಲೆಕ್ಕದಿಂದಲೇ ರೂಪುಗೊಂಡದ್ದು. ಮುಂದೆ ಒಂದು ಪುಟ್ಟ ರೆಕ್ಕೆ, ಹಿಂದೆ ದೊಡ್ಡ ತ್ರಿಕೋನ ರೆಕ್ಕೆ. ಎರಡೂ ಸೇರಿ ನಿಧಾನದ ಹಾರಾಟದಲ್ಲೂ ವಿಮಾನವನ್ನು ಎತ್ತಿಹಿಡಿಯುತ್ತವೆ. ತೇಲುತ್ತ ಕಾಲಹರಣ ಮಾಡಿದರೆ ರಸ್ತೆ ಮುಗಿದುಹೋಗುತ್ತದೆ, ಆದ್ದರಿಂದ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ನೇರ ಬೀಳುವಂತೆ ಕಾಲುಗಳನ್ನು ಗಟ್ಟಿಮಾಡಿದರು. ಪ್ರತಿ ಹಿಂಗಾಲಿಗೂ ಎರಡು ಚಕ್ರ, ಒಂದರ ಹಿಂದೊಂದು. ಹಿಮ ಬಿದ್ದ ರಸ್ತೆಯಲ್ಲಿ ಬ್ರೇಕ್ ಒತ್ತಿ ಫಲವಿಲ್ಲ ಎಂದೇ ಎಂಜಿನ್ನಿನ ಬಿಸಿಗಾಳಿಯನ್ನು ಮುಂದಕ್ಕೆ ತಿರುಗಿಸುವ ಏರ್ಪಾಡು. ಪೈಲಟ್ ಇನ್ನೂ ಗಾಳಿಯಲ್ಲಿರುವಾಗಲೇ ಅದನ್ನು ಸಜ್ಜುಮಾಡಿಟ್ಟರೆ ಸಾಕು, ಮುಂಗಾಲು ನೆಲಕ್ಕೆ ಒತ್ತಿದ ಗಳಿಗೆಯಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಮೊದಲು ಒರಟಾಗಿ ಕಂಡ ಆ ಧೊಪ್ಪನೆಯ ಬೀಳುವಿಕೆಯ ಹಿಂದೆ ಇಷ್ಟು ನಯವಾದ ವಿಚಾರ ಇದೆಯೆಂದು ತಿಳಿದ ಮೇಲೆ ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ಬೇಸರ ಬರುವುದಿಲ್ಲ.

ಅದರ ಎಂಜಿನ್ನಿನ ವಂಶಾವಳಿ ಇನ್ನೂ ಸ್ವಾರಸ್ಯದ್ದು. ವೋಲ್ವೊ ಕಂಪನಿ ತಯಾರಿಸಿದ ಈ ಎಂಜಿನ್‌ನ ಮೂಲ ಅಮೆರಿಕದ ಪ್ರಾಟ್ ಅಂಡ್ ವಿಟ್ನಿಯ ಜೆಟಿ8ಡಿ. ಇಂಡಿಯನ್ ಏರ್‌ಲೈನ್ಸಿನ ಹಳೆಯ ಬೋಯಿಂಗ್ 737-200ರಲ್ಲಿ ಕೂತು ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಹೋದವರು ಅದೇ ಮನೆತನದ ಎಂಜಿನ್ನಿನ ಗರ್ಜನೆ ಕೇಳಿದ್ದಾರೆ. ಈ ನಂಟಿಗೆ ನಮ್ಮ ಮಟ್ಟಿಗೆ ಬೆಲೆಯೂ ಇತ್ತು. 1970ರ ದಶಕದ ಕೊನೆಗೆ ಭಾರತ ಹೊಸ ದಾಳಿವಿಮಾನ ಹುಡುಕುತ್ತಿದ್ದಾಗ ವಿಗೆನ್ ಕೂಡ ಕಣದಲ್ಲಿತ್ತು. ಎಂಜಿನ್ನಿನಲ್ಲಿ ಅಮೆರಿಕದ ತಂತ್ರಜ್ಞಾನ ಇದ್ದದ್ದರಿಂದ ಅಮೆರಿಕದ ಒಪ್ಪಿಗೆ ಬೇಕಾಗಿತ್ತು. 1978ರಲ್ಲಿ ಅದು ಒಪ್ಪಲಿಲ್ಲ. ನಾವು ಜಾಗ್ವಾರ್ ಕಡೆ ಹೊರಳಿದೆವು. ಆ ಜಾಗ್ವಾರಿನ ಮಾತು ಮುಂದೆ ಬರುತ್ತದೆ.

ವಿಗೆನ್ 2005ರಲ್ಲಿ ನಿವೃತ್ತವಾಯಿತು. ಅದರ ಜಾಗಕ್ಕೆ ಬಂದ ಗ್ರಿಪೆನ್‌ಗೂ ಅದೇ ಮನೆಯ ಸಂಸ್ಕಾರ. ಅದು ಇಳಿಯುವುದನ್ನು ಬದಿಯಿಂದ ನೋಡಬೇಕು. ಚಕ್ರ ತಾಗಿದ ಕೂಡಲೇ ಮುಂದಿನ ಪುಟ್ಟ ರೆಕ್ಕೆಗಳೆರಡೂ ಪೂರ್ತಿ ಮುಂದಕ್ಕೆ ಬಾಗಿ, ಗಾಳಿಗೆ ಅಡ್ಡ ನಿಂತು, ವಿಮಾನವನ್ನು ನೆಲಕ್ಕೆ ಅದುಮುತ್ತವೆ. ಒಬ್ಬ ತಂತ್ರಜ್ಞ, ಕಡ್ಡಾಯ ಸೇನಾಸೇವೆಗೆ ಬಂದ ಐವರು ಹುಡುಗರು: ಇಷ್ಟೇ ಜನ 10 ನಿಮಿಷದಲ್ಲಿ ಇಂಧನ ತುಂಬಿ, ಕ್ಷಿಪಣಿ ಕಟ್ಟಿ ಮತ್ತೆ ಹಾರಿಸಬಲ್ಲರು ಎಂಬುದು ಅದರ ವಿನ್ಯಾಸದ ಷರತ್ತು.

ಇದು ವಿಮಾನ ಬಗ್ಗುವ ಸಂಪ್ರದಾಯ. ನಮ್ಮದು ರಸ್ತೆ ತಗ್ಗುವ ಸಂಪ್ರದಾಯ.

ನಮ್ಮ ವಾಯುಪಡೆಯ ಹೆಚ್ಚಿನ ವಿಮಾನಗಳು ರಸ್ತೆಗಾಗಿ ಹುಟ್ಟಿದವಲ್ಲ. ತುಂಬಿದ ಸುಖೋಯ್-30 ಎಂಕೆಐ ತೂಕ 38 ಟನ್ ಮುಟ್ಟುತ್ತದೆ. ಅಂಥದ್ದನ್ನು 800 ಮೀಟರಿನಲ್ಲಿ ನಿಲ್ಲಿಸು ಎಂದರೆ ಆಗುವ ಮಾತಲ್ಲ. ಆದ್ದರಿಂದ ಇಲ್ಲಿ ಎಂಜಿನಿಯರು ರಸ್ತೆಯ ಕಿವಿ ಹಿಂಡಿದ್ದಾನೆ. ಉತ್ತರ ಪ್ರದೇಶದ ಆಗ್ರಾ-ಲಖನೌ ಎಕ್ಸ್‌ಪ್ರೆಸ್‌ವೇಯಲ್ಲಿ ಉನ್ನಾವ್ ಜಿಲ್ಲೆಯ ಬಂಗರ್‌ಮವು ಬಳಿಯ ತುಂಡು 3.3 ಕಿ.ಮೀ. ಪೂರ್ವಾಂಚಲ ಎಕ್ಸ್‌ಪ್ರೆಸ್‌ವೇಯಲ್ಲಿ ಸುಲ್ತಾನ್‌ಪುರದ ಹತ್ತಿರದ್ದು 3.2. ರಾಜಸ್ಥಾನದ ಗಡಿಯ ಬದಿಯಲ್ಲಿ ಬಾಡಮೇರ್ ಕಡೆಯ ರಾಷ್ಟ್ರೀಯ ಹೆದ್ದಾರಿ 925ಎ ಮೇಲಿನದು 3. ಗಂಗಾ ಎಕ್ಸ್‌ಪ್ರೆಸ್‌ವೇಯ ಶಹಜಹಾನ್‌ಪುರದಲ್ಲಿ 3.5.

ಈ ತುಂಡುಗಳನ್ನು ಸವಿಯುವುದಕ್ಕೆ ಅಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ನೋಡುವುದು ಒಳ್ಳೆಯದು. ತಿರುವಿಲ್ಲ. ಏರಿಲ್ಲ, ಇಳಿಜಾರಿಲ್ಲ. ಮೇಲ್ಸೇತುವೆಯಿಲ್ಲ. ನಡುವೆ ಕಣಗಿಲೆ, ಕಾಗದದ ಹೂವಿನ ಗಿಡ ನೆಟ್ಟ ಡಿವೈಡರ್ ಇಲ್ಲ. ಸಂಚಾರ ಬೇರ್ಪಡಿಸಲು ಏನಾದರೂ ಇಟ್ಟಿದ್ದರೂ ಎತ್ತಿ ಬದಿಗಿಡಬಹುದಾದದ್ದು. ದೀಪದ ಕಂಬವಿಲ್ಲ, ಊರಿನ ಹೆಸರು ಬರೆದ ಕಮಾನಿಲ್ಲ, ಅಡ್ಡ ಹಾಯುವ ಕರೆಂಟಿನ ತಂತಿಯಿಲ್ಲ. ಬದಿಯಲ್ಲಿ ನೆರಳಿನ ಸಾಲುಮರವಿಲ್ಲ, ಅದರಡಿ ಎಳನೀರಿನ ಗಾಡಿಯಿಲ್ಲ. ಹೆದ್ದಾರಿಯೊಂದು ತನ್ನ ಸಂಸಾರವನ್ನೆಲ್ಲ ಕಳಚಿಟ್ಟು ನಿಂತ ಜಾಗ ಅದು. ಎರಡು ತುದಿಗೆ ವಿಮಾನ ತಿರುಗಿಸಿ ನಿಲ್ಲಿಸಲು ಕಾಂಕ್ರೀಟಿನ ಅಂಗಳ, ಬದಿಗೆ ದನ, ನಾಯಿ ನುಗ್ಗದಂತೆ ಬೇಲಿ. ಮಿಕ್ಕಂತೆ ದಿನವೂ ಹೋಗುವ ಲಾರಿಯವನಿಗೆ ರಸ್ತೆ ಇದ್ದಕ್ಕಿದ್ದಂತೆ ಯಾಕೆ ಇಷ್ಟು ಉದಾರವಾಯಿತು ಎಂದು ಅನ್ನಿಸುವುದೂ ಕಷ್ಟ.

ನೆಲದ ಒಳಗಿನ ಕಸುಬು ಕಣ್ಣಿಗೆ ಕಾಣುವುದಿಲ್ಲ, ಅದನ್ನು ಬಲ್ಲವರು ಹೇಳಿ ತೋರಿಸಬೇಕು. ಡಾಂಬರಿನ ರಸ್ತೆ ಲಾರಿಗೆ ಒಗ್ಗುತ್ತದೆ. ಜೆಟ್ ವಿಮಾನ ಅದರ ಮೇಲೆ ನಿಂತರೆ ಎರಡು ತಾಪತ್ರಯ: ಎಂಜಿನ್ನಿನ ಬಿಸಿಗೆ ಡಾಂಬರು ಮೆತ್ತಗಾಗುತ್ತದೆ, ಸೋರಿದ ವಿಮಾನ ಇಂಧನ ಸೀಮೆಎಣ್ಣೆಯ ಜಾತಿಯದಾದ್ದರಿಂದ ಡಾಂಬರನ್ನು ಕರಗಿಸುತ್ತದೆ. ಕಾಂಕ್ರೀಟಿಗೆ ಈ ಎರಡು ರಗಳೆಯೂ ಇಲ್ಲ. ಇನ್ನು ಭಾರದ ಮಾತು. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ 30-35 ಪಿಎಸ್‌ಐ. ಯುದ್ಧವಿಮಾನದ ಟೈರಿನಲ್ಲಿ 200 ದಾಟುತ್ತದೆ. ಅಷ್ಟು ಬಿಗಿಯಾದ ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಹೋಳಿಗೆಯಷ್ಟು ಅಗಲ. ಅಷ್ಟರ ಮೇಲೆ ಮೂರು ನಾಲ್ಕು ಟನ್ ಕೂತು ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅದನ್ನು ತಡೆಯುವ ಕಾಂಕ್ರೀಟು ಗಟ್ಟಿಯಾಗಿದ್ದರೆ ಸಾಲದು, ಹಾಸಿನಿಂದ ಹಾಸಿಗೆ ಸೇರುವ ಕೀಲುಗಳಲ್ಲಿ ಬೆರಳಿಗೆ ತಗಲುವ ಮಟ್ಟವ್ಯತ್ಯಾಸವೂ ಇರಕೂಡದು. ಮಳೆನೀರು ಹರಿಯಲು ರಸ್ತೆಯವರು ಅಡ್ಡಕ್ಕೆ ಇಳಿಜಾರು ಕೊಡುತ್ತಾರೆ. ಓಡುವ ವಿಮಾನ ಒಂದು ಬದಿಗೆ ವಾಲಬಾರದೆಂದು ರನ್‌ವೇಯವರು ಅದನ್ನು ಆದಷ್ಟು ಕಡಿಮೆ ಇಡುತ್ತಾರೆ. ನೀರೂ ನಿಲ್ಲಬಾರದು, ವಿಮಾನವೂ ವಾಲಬಾರದು. ಇವೆರಡರ ನಡುವೆ ಸಿಗುವ ಸಣ್ಣ ಸಂದಿನಲ್ಲಿ ರಸ್ತೆ ಎಂಜಿನಿಯರು ತನ್ನ ಕೈಗುಣ ತೋರಿಸಬೇಕು.

ಈ ಸಂಪ್ರದಾಯಕ್ಕೆ ನಮ್ಮಲ್ಲಿ ಶ್ರೀಕಾರ ಬಿದ್ದದ್ದು 2015ರ ಮೇ 21ರಂದು. ಮಥುರೆಯ ಬಳಿ ಯಮುನಾ ಎಕ್ಸ್‌ಪ್ರೆಸ್‌ವೇಯ ಮೇಲೆ ಒಂದು ಮಿರಾಜ್ 2000 ಇಳಿಯಿತು. ಅದು ರನ್‌ವೇಯೆಂದು ಕಟ್ಟಿದ ರಸ್ತೆಯಲ್ಲ, ಇದ್ದ ರಸ್ತೆಯನ್ನೇ ಒಂದು ಬೆಳಗಿನ ಮಟ್ಟಿಗೆ ಎರವಲು ಪಡೆದದ್ದು. ತಾತ್ಕಾಲಿಕ ನಿಯಂತ್ರಣ ಗೋಪುರ, ಅಗ್ನಿಶಾಮಕ ಗಾಡಿ, ಹಕ್ಕಿ ಓಡಿಸುವ ತಂಡ ಎಲ್ಲವೂ ಬಂದವು. ವಿಮಾನ ಮೊದಲು ಒಂದು ಸುತ್ತು ಕೆಳಗೆ ಬಂದು ರಸ್ತೆಯನ್ನು ನೋಡಿಕೊಂಡು ಹೋಯಿತು, ಆಮೇಲೆ ಇಳಿಯಿತು. ಮಿರಾಜ್‌ಗೆ ಬಾಲದ ರೆಕ್ಕೆಯಿಲ್ಲ, ಇರುವುದೊಂದೇ ತ್ರಿಕೋನ. ಅದು ಇಳಿಯುವಾಗ ಮೂಗನ್ನು ಎಷ್ಟು ಎತ್ತಿರುತ್ತದೆಂದರೆ, ರಸ್ತೆಯ ಬಿಳಿ ಗೆರೆಗಳ ಮೇಲೆ ಹಾಗೆ ತಲೆಯೆತ್ತಿ ಬರುವ ಭಂಗಿಯಲ್ಲಿ ಒಂದು ಬಗೆಯ ಗತ್ತು ಇದೆ. ಮುಂದಿನ ವರ್ಷ, 2016ರ ನವೆಂಬರ್ 21ರಂದು, ಆಗ್ರಾ-ಲಖನೌ ಎಕ್ಸ್‌ಪ್ರೆಸ್‌ವೇಯ ಉದ್ಘಾಟನೆಯ ದಿನ ಮಿರಾಜ್, ಸುಖೋಯ್‌ಗಳು ಬಂದವು.

ನನ್ನ ಮಟ್ಟಿಗೆ ಹೆಚ್ಚು ರುಚಿಸುವುದು ಅದೇ ರಸ್ತೆಯಲ್ಲಿ 2017ರ ಅಕ್ಟೋಬರ್ 24ರಂದು ನಡೆದ ಅಭ್ಯಾಸ. ಅಲ್ಲಿ ನಾಟಕದ ಕ್ರಮವಿತ್ತು. ಮೊದಲು ಸಿ-130ಜೆ ಸೂಪರ್ ಹರ್ಕ್ಯುಲಿಸ್ ಸರಕುವಿಮಾನ ಇಳಿದು ಹಿಂಬಾಗಿಲು ತೆರೆಯಿತು. ಅದರೊಳಗಿನಿಂದ ಗರುಡ್ ಕಮಾಂಡೊಗಳು ಇಳಿದು ರಸ್ತೆಯ ಎರಡೂ ಬದಿ ಕಾವಲು ನಿಂತರು. ಸರಕುವಿಮಾನ ಹೋಯಿತು. ವೇದಿಕೆ ಸಿದ್ಧವಾದ ಮೇಲೆ ಜಾಗ್ವಾರ್, ಮಿರಾಜ್, ಸುಖೋಯ್‌ಗಳ ಸರದಿ. ಅವು ನಿಲ್ಲಲಿಲ್ಲ, ಮುಟ್ಟಿ ಮೇಲೆದ್ದವು. ಇದಕ್ಕೆ ಪೈಲಟ್ಟುಗಳು ಟಚ್ ಅಂಡ್ ಗೋ ಎನ್ನುತ್ತಾರೆ. ಹಿಂಚಕ್ರ ನೆಲಕ್ಕೆ ತಾಗುತ್ತಿದ್ದಂತೆ ಪುಸಕ್ಕನೆ ಒಂದು ಉಂಡೆ ನೀಲಿಬೂದು ಹೊಗೆ ಏಳುತ್ತದಲ್ಲ, ಅದನ್ನು ಗಮನಿಸಿ. ಗಾಳಿಯಲ್ಲಿ ತಿರುಗದೆ ನಿಂತಿದ್ದ ಚಕ್ರ ಒಮ್ಮೆಗೇ ನೆಲದ ವೇಗಕ್ಕೆ ಹೊಂದಬೇಕು. ಹೊಂದುವ ತನಕದ ಆ ಚಿಟಿಕೆ ಹೊತ್ತು ಟೈರು ಉಜ್ಜಿ ಸುಡುತ್ತದೆ. ಹೊಗೆ ಎರಡೂ ಚಕ್ರದಿಂದ ಒಟ್ಟಿಗೆ, ಒಂದೇ ಗಾತ್ರದಲ್ಲಿ ಎದ್ದರೆ ಪೈಲಟ್ಟಿನ ಕೈ ಪಳಗಿದ್ದು ಎಂದು ದೂರದಿಂದಲೇ ತಿಳಿಯಬಹುದು.

ಪೈಲಟ್ಟಿನ ಕಣ್ಣಿಗೆ ರಸ್ತೆ ಮೋಸವನ್ನೂ ಮಾಡುತ್ತದೆ. ಅಗಲವಾದ ರನ್‌ವೇ ನೋಡಿ ಪಳಗಿದ ಕಣ್ಣಿಗೆ ಕಿರಿದಾದ ಪಟ್ಟಿ ಕಂಡಾಗ ತಾನು ಇನ್ನೂ ಎತ್ತರದಲ್ಲಿದ್ದೇನೆ ಎಂದು ಭ್ರಮೆಯಾಗುತ್ತದೆ. ಭ್ರಮೆಯನ್ನು ನಂಬಿ ಕೆಳಗಿಳಿದರೆ ಪಟ್ಟಿ ತಲುಪುವ ಮುಂಚೆಯೇ ನೆಲ ಎದುರಾಗುತ್ತದೆ. ರಾತ್ರಿಯಲ್ಲಂತೂ ಸುತ್ತಲಿನ ಹೊಲಗದ್ದೆಯ ಕತ್ತಲೆಯಲ್ಲಿ ಎರಡು ಸಾಲು ದೀಪ ಬಿಟ್ಟರೆ ಕಣ್ಣಿಗೆ ಬೇರೆ ಆಧಾರವೇ ಇರುವುದಿಲ್ಲ. 2025ರ ಮೇ 2ರಂದು ಶಹಜಹಾನ್‌ಪುರದಲ್ಲಿ ಹಗಲೂ ರಾತ್ರಿಯೂ ಇಳಿಸಿ ತೋರಿಸಿದ್ದು ಆ ಕಾರಣಕ್ಕೇ ದೊಡ್ಡ ಮಾತು.

ಇಷ್ಟೆಲ್ಲ ಭರ್ಜರಿ ಸಿದ್ಧತೆಯನ್ನು ಹಾಳುಮಾಡಲು ಒಂದು ಬೆಣಚುಕಲ್ಲು ಸಾಕು. ಜೆಟ್ ಎಂಜಿನ್ ಗಾಳಿಯ ಜೊತೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ; ಲಾರಿಯಿಂದ ಉದುರಿದ ಒಂದು ಬೋಲ್ಟು, ಜಲ್ಲಿಯ ಚೂರು ಒಳಗೆ ಹೋದರೆ ಬ್ಲೇಡುಗಳ ಗತಿ ಮುಗಿಯಿತು. ಆದ್ದರಿಂದ ಗುಡಿಸುವ ಯಂತ್ರ ಹೋದ ಮೇಲೂ ಸೈನಿಕರು ಭುಜಕ್ಕೆ ಭುಜ ಕೊಟ್ಟು ಸಾಲಾಗಿ, ನೆಲ ನೋಡುತ್ತ ನಿಧಾನ ನಡೆಯುತ್ತಾರೆ, ಕಂಡದ್ದನ್ನು ಬಗ್ಗಿ ಹೆಕ್ಕುತ್ತಾರೆ. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕಾಗಿ ಮನುಷ್ಯರು ಕಲ್ಲು ಹೆಕ್ಕುವ ಈ ನಡಿಗೆ ಇಡೀ ಆಟದಲ್ಲಿ ತೀರ ಹಳೆಯ ಕಾಲದ ಕೆಲಸ. ರಷ್ಯನ್ನರು ಇದಕ್ಕೆ ವಿಮಾನದಲ್ಲೇ ಉಪಾಯ ಮಾಡಿದ್ದರು. ಮಿಗ್-29 ನೆಲದ ಮೇಲಿರುವಾಗ ಎಂಜಿನ್ನಿನ ಬಾಯಿಗೆ ಕದ ಮುಚ್ಚಿಕೊಂಡು, ರೆಕ್ಕೆಯ ಮೇಲ್ಭಾಗದ ಸೀಳುಗಳಿಂದ ಉಸಿರಾಡುವಂತೆ ಮಾಡಿದರು. ಸುಖೋಯ್‌ಗೆ ಬಾಯಲ್ಲಿ ಜಾಲರಿ ಕೊಟ್ಟರು. ಒರಟು ನೆಲದ ಒಡನಾಟ ಬಲ್ಲವರ ಯೋಚನೆ ಅದು.

ಮೂರನೆಯ ಒಂದು ಸಂಪ್ರದಾಯವೂ ಇದೆ, ಅದು ಫಿನ್‌ಲೆಂಡಿನದು. ಅವರ ಬಳಿ ಇರುವ ಎಫ್/ಎ-18 ಹಾರ್ನೆಟ್ ಮೂಲದಲ್ಲಿ ಅಮೆರಿಕದ ನೌಕಾಪಡೆಗಾಗಿ, ಹಡಗಿನ ಮೇಲೆ ಇಳಿಯಲೆಂದು ಹುಟ್ಟಿದ ವಿಮಾನ. ಹಡಗಿನ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿಕೊಳ್ಳಲು ಬಾಲದ ಕೆಳಗೆ ಒಂದು ಕೊಕ್ಕೆ. ಫಿನ್‌ಲೆಂಡಿಗೆ ವಿಮಾನವಾಹಕ ಹಡಗಿಲ್ಲ. ಅವರು ಹಗ್ಗವನ್ನೇ ಕಾಡಿನ ನಡುವಿನ ರಸ್ತೆಗೆ ಅಡ್ಡ ಎಳೆದರು! ರಸ್ತೆಯೂ ಹೆಚ್ಚು ತಗ್ಗಬೇಕಿಲ್ಲ, ವಿಮಾನವೂ ಹೆಚ್ಚು ಬಗ್ಗಬೇಕಿಲ್ಲ. ಇಬ್ಬರ ನಡುವೆ ಹಗ್ಗ ಪಂಚಾಯಿತಿ ಮಾಡುತ್ತದೆ. ಅವರ ಬಾನಾ ಎಂಬ ಸಮರಾಭ್ಯಾಸದಲ್ಲಿ, 2023ರ ಸೆಪ್ಟೆಂಬರ್ 21ರಂದು ತೆರ್ವೊ ಎಂಬಲ್ಲಿ ನಾರ್ವೆಯ ಎರಡು ಎಫ್-35ಎ ವಿಮಾನಗಳು ರಸ್ತೆಗಿಳಿದವು. ಆ ಮಾದರಿಯ ವಿಮಾನ ಹೆದ್ದಾರಿ ಮುಟ್ಟಿದ್ದು ಅದೇ ಮೊದಲು. ಎಂಜಿನ್ ಆರಿಸದೆಯೇ ಇಂಧನ ತುಂಬಿಸಿಕೊಂಡು ಎದ್ದುಹೋದವು.

ಸಿಂಗಪುರದಲ್ಲಿ ತಗ್ಗುವುದು ಊರು. ಲಿಂ ಚು ಕಾಂಗ್ ರಸ್ತೆಯ 2.5 ಕಿ.ಮೀ. ತುಂಡು, ಅಗಲ ಬರೇ 24 ಮೀಟರ್, ಉಳಿದ ದಿನ ಬಸ್ಸು ಓಡಾಡುತ್ತಿದ್ದ ರಸ್ತೆ. 1986ರಲ್ಲಿ ಶುರುವಾದ ಟೊರೆಂಟ್ ಅಭ್ಯಾಸದ ಹೊತ್ತಿಗೆ ಬಸ್ ನಿಲ್ದಾಣ, ದೀಪದ ಕಂಬ, ಫಲಕ, ಬದಿಯ ತಡೆಗಂಬಿ ಎಲ್ಲವನ್ನೂ ಬಿಚ್ಚಿ ಎತ್ತುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ಮತ್ತೆ ನಿಲ್ಲಿಸುತ್ತಿದ್ದರು. ನಿಂತ ಬಸ್ ನಿಲ್ದಾಣವನ್ನು ಬಿಚ್ಚುವ ಹಾಗೆಯೇ ಕಟ್ಟಿಡುವುದಿದೆಯಲ್ಲ, ಆ ಮುಂದಾಲೋಚನೆಯನ್ನು ಮೆಚ್ಚಲೇಬೇಕು. ಶೀತಲ ಸಮರದ ಪಶ್ಚಿಮ ಜರ್ಮನಿಯೂ ಆಟೋಬಾನ್‌ಗಳಲ್ಲಿ ಹೀಗೆಯೇ ಮಾಡಿತ್ತು. ನಡುವಿನ ತಡೆಗಂಬಿ ಕಳಚುವಂಥದ್ದು, ತುದಿಗಳಲ್ಲಿ ಪ್ರಯಾಣಿಕರು ಕಾರು ನಿಲ್ಲಿಸಿ ದಣಿವಾರಿಸಿಕೊಳ್ಳುವ ವಿಶಾಲ ಅಂಗಳಗಳು. ಕಾಫಿ ಕುಡಿಯಲು ಇಳಿದವರಿಗೆ ತಾವು ನಿಂತದ್ದು ಯುದ್ಧವಿಮಾನದ ತಂಗುದಾಣ ಎಂದು ಹೊಳೆಯುವಂತಿರಲಿಲ್ಲ. ಅಮೆರಿಕದ ಹೆದ್ದಾರಿಗಳ ಬಗ್ಗೆ ಮಾತ್ರ ಒಂದು ಕಟ್ಟುಕಥೆ ಚಾಲ್ತಿಯಲ್ಲಿದೆ: ಐದು ಮೈಲಿಗೊಂದು ಮೈಲಿ ನೇರ ಇರಲೇಬೇಕೆಂದು ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ ಕಾನೂನು ಆಗಿತ್ತಂತೆ. ಅಂಥ ಕಾನೂನೇ ಇಲ್ಲ. 2021ರ ಆಗಸ್ಟಿನಲ್ಲಿ ಮಿಷಿಗನ್‌ನ ಹೆದ್ದಾರಿಯೊಂದರಲ್ಲಿ ಎ-10 ವಿಮಾನಗಳು ಇಳಿದದ್ದು ನಿಜ. ಅದಕ್ಕೆ ಕಟ್ಟುಕಥೆಯ ಊರುಗೋಲು ಬೇಕಾಗಿರಲಿಲ್ಲ.

ಇನ್ನು ಜಾಗ್ವಾರ್. ಇದು ಕನ್ನಡ ನೆಲಕ್ಕೆ ನೇರ ನಂಟಿರುವ ವಿಮಾನ. ವಿಗೆನ್ ಕೈತಪ್ಪಿದ ಮೇಲೆ ಬಂದ ಜಾಗ್ವಾರ್ ಅನ್ನು ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಕಟ್ಟಿದರು. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಓಡಾಡಿದವರಿಗೆ ಅದರ ಸದ್ದು ಪರಿಚಿತ. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ರೂಪಿಸಿದ ಇದು ಕೂಡ ಬಗ್ಗುವ ಸಂಪ್ರದಾಯದ್ದೇ. ನೆಲದ ಮೇಲೆ ನಿಂತದ್ದನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಉದ್ದನೆಯ ಕಾಲು. ರೆಕ್ಕೆ ಮೈಯ ಮೇಲ್ತುದಿಗೆ ಕೂತಿರುವುದರಿಂದ ಅಡಿಯಲ್ಲಿ ಧಾರಾಳ ಜಾಗ, ಬಾಂಬು ತೂಗುಹಾಕುವವರು ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕೂರಬೇಕಿಲ್ಲ. ಹಿಂಗಾಲುಗಳಲ್ಲಿ ಜೋಡಿಚಕ್ರ, ಅವುಗಳಲ್ಲಿ ಬೇರೆ ಯುದ್ಧವಿಮಾನಗಳಿಗಿಂತ ಕಡಿಮೆ ಒತ್ತಡದ ಟೈರು, ಹುಲ್ಲು ಮಣ್ಣಿನ ಒರಟು ನೆಲದಲ್ಲೂ ಹೂತುಹೋಗದ ಹಾಗೆ. 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ ಇನ್ನೂ ಸಂಚಾರಕ್ಕೆ ತೆರೆಯದಿದ್ದ ಎಂ55 ಮೋಟಾರುಹಾದಿಯ ಮೇಲೆ ಜಾಗ್ವಾರ್ ಒಂದನ್ನು ಇಳಿಸಿ, ಅಲ್ಲೇ ಬಾಂಬು ತೂಗಿಸಿ, ಅಲ್ಲಿಂದಲೇ ಹಾರಿಸಿ ತೋರಿಸಿದರು. ಅದಾದ ಮೇಲೆ ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಜಾಗ್ವಾರಿಗೆ ವಿದಾಯ ಹೇಳಿದವು. ಈಗ ಅದನ್ನು ಹಾರಿಸುತ್ತಿರುವುದು ಭಾರತ ಒಂದೇ. ಹಾಗಾಗಿ 2017ರಲ್ಲಿ ಬಂಗರ್‌ಮವು, 2025ರಲ್ಲಿ ಶಹಜಹಾನ್‌ಪುರದ ಮೇಲೆ ಜಾಗ್ವಾರ್ ಬಂದದ್ದನ್ನು ನೋಡುವಾಗ ಒಂದು ವಿಶೇಷ ರುಚಿ ಸಿಗುತ್ತದೆ. ಎಷ್ಟು ಬೇಕೋ ಅಷ್ಟು ಬಗ್ಗಬಲ್ಲ ವಿಮಾನಕ್ಕೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚೇ ತಗ್ಗಿದ ರಸ್ತೆ ಸಿಕ್ಕಿತ್ತು. ಎರಡೂ ಸಂಪ್ರದಾಯ ಒಂದೇ ವೇದಿಕೆಯಲ್ಲಿ ಕೂತ ಜುಗಲ್‌ಬಂದಿ ಅದು.

ಕೊಲ್ಲುವ ಯಂತ್ರದಲ್ಲಿ ಸೊಗಸು ಹುಡುಕುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಾಂಬು ಬಿದ್ದ ಜಾಗದಲ್ಲಿ ಸೊಗಸೇನೂ ಇಲ್ಲ. ಆದರೆ ರಸ್ತೆ-ರನ್‌ವೇಯ ಪರಿಣತಿ ಆಯುಧಕ್ಕೆ ಮಾತ್ರ ಮೀಸಲಾದದ್ದಲ್ಲ, ಅದಕ್ಕೆ ದಕ್ಷಿಣದಲ್ಲೇ ಸಾಕ್ಷಿಯಿದೆ. ಆಂಧ್ರದ ಬಾಪಟ್ಲದ ಕಡೆ, ಒಂಗೋಲಿನಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 16ರ ಮೇಲೆ ಕೋರಿಶಪಾಡು ಬಳಿ 4.1 ಕಿ.ಮೀ. ಉದ್ದ, 33 ಮೀಟರ್ ಅಗಲದ ಕಾಂಕ್ರೀಟ್ ಪಟ್ಟಿಯಿದೆ. ಅಲ್ಲಿ 2022ರ ಡಿಸೆಂಬರ್ 29ರಂದು ಮೊದಲ ಪರೀಕ್ಷೆ, 2024ರ ಮಾರ್ಚ್ 18ರಂದು ಎರಡನೆಯದು ನಡೆದವು. ಎರಡನೆಯ ಸಲ ಸುಖೋಯ್ ಮತ್ತು ಹಾಕ್ ಕೆಳಗೆ ಬಂದು, ನೆಲ ಮುಟ್ಟದೆ ಮೇಲೆದ್ದು ಹೋದವು. ಹಾಕ್ ಕೂಡ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ವಿಮಾನವೇ. ನಿಜವಾಗಿ ಚಕ್ರ ಊರಿದವು ಆನ್-32 ಮತ್ತು ಡಾರ್ನಿಯರ್, ಎರಡೂ ಪ್ರೊಪೆಲ್ಲರ್‌ನ ಸರಕುವಿಮಾನಗಳು. ಆ ಎರಡು ಪರೀಕ್ಷೆಗಳ ನಡುವೆ, 2023ರ ಡಿಸೆಂಬರ್ 5ರಂದು, ಮಿಚಾಂಗ್ ಚಂಡಮಾರುತ ದಡ ಹತ್ತಿದ್ದು ಇದೇ ಬಾಪಟ್ಲದ ಹತ್ತಿರ. 1977ರ ನವೆಂಬರಿನ ದಿವಿಸೀಮದ ಚಂಡಮಾರುತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತ ಕರಾವಳಿಯೂ ಇದಕ್ಕೆ ದೂರವಿಲ್ಲ. ಅಕ್ಕಿ, ಔಷಧ, ದೋಣಿ ಹೊತ್ತ ಆನ್-32 ಇಳಿಯಲು ಅಂಥ ಕಡೆ ನಾಲ್ಕು ಕಿಲೋಮೀಟರ್ ಗಟ್ಟಿ ನೆಲ ಸಿಕ್ಕರೆ ಅದು ಎಷ್ಟು ಜೀವದ ಬೆಲೆ ಎಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ರಸ್ತೆಯ ಮೇಲಿನ ಎಲ್ಲ ವಿಮಾನಗಳಲ್ಲಿ ನನ್ನ ಮೆಚ್ಚುಗೆ ಆ ದಢೂತಿ, ಗಡಗಡ ಸದ್ದಿನ ಆನ್-32ಕ್ಕೆ.

ಕಲೆಯಾಗಿ ಮಾತ್ರ ನೋಡುವುದಾದರೆ ಸ್ವೀಡಿಷರ 800 ಮೀಟರಿಗೆ ಸಾಟಿಯಿಲ್ಲ. ಇಕ್ಕಟ್ಟಿನಲ್ಲಿ ಹುಟ್ಟಿದ ವಿಗೆನ್‌ನಂಥ ಯಂತ್ರ ನಾಲ್ಕು ಕಿಲೋಮೀಟರಿನ ಉದಾರ ರಸ್ತೆಯಿಂದ ಹುಟ್ಟುತ್ತಿರಲಿಲ್ಲ. ಆದರೆ ಒಂದೇ ಜಾತಿಯ ವಿಮಾನಕ್ಕೆ ಹೊಂದುವ ರಸ್ತೆಗೂ, ಯುದ್ಧದ ಸುಖೋಯ್‌ನಿಂದ ಪರಿಹಾರದ ಆನ್-32ರ ತನಕ ಎಲ್ಲಕ್ಕೂ ಬೆನ್ನೊಡ್ಡಿ, ಉಳಿದ ದಿನ ಮೆಣಸಿನಕಾಯಿ ಲಾರಿಯನ್ನೂ ತೂಗುವ ರಸ್ತೆಗೂ ವ್ಯತ್ಯಾಸವಿದೆ. ನಮ್ಮ ದೇಶಕ್ಕೆ ಎರಡನೆಯದೇ ತಕ್ಕದ್ದು. ಕೋರಿಶಪಾಡು ಕಡೆ ಹೋಗುವವರು ಕಾರಿನ ಗಾಜು ಒಂದಿಷ್ಟು ಇಳಿಸಿಕೊಂಡಿರಿ. ಡಾಂಬರು ಮುಗಿದು ಕಾಂಕ್ರೀಟು ಹತ್ತಿದಾಗ ಟೈರಿನ ಸದ್ದು ಬದಲಾಗುತ್ತದೆ, ನಡುವಿನ ಹೂಗಿಡದ ಸಾಲು ನಿಂತುಹೋಗುತ್ತದೆ, ಕಂಬಗಳು ದೂರ ಸರಿಯುತ್ತವೆ. ಅಲ್ಲಿ ಸೆಲ್ಫಿಗೆಂದು ಗಾಡಿ ನಿಲ್ಲಿಸಬೇಡಿ, ಬಾಳೆಹಣ್ಣಿನ ಸಿಪ್ಪೆ, ನೀರಿನ ಬಾಟಲಿ ಎಸೆಯಬೇಡಿ. ಆಮೇಲೆ ಯಾರಾದರೂ ಸಾಲಾಗಿ ನಡೆದು, ಬಗ್ಗಿ, ಅದನ್ನು ಹೆಕ್ಕಬೇಕಾಗುತ್ತದೆ.